ಹದ ಅಂದರೆ ಎಷ್ಟು

ಬುಧವಾರದ ರಾತ್ರಿಯೂಟ ಅವನದು.
ನಾವೇ ಮಾಡಿಕೊಂಡ ಒಪ್ಪಂದ. ಫ್ರಿಜ್ಜಿನ ಬಾಗಿಲಲ್ಲಿ
ದ್ರಾಕ್ಷಿಗೊನೆಯ ಅಯಸ್ಕಾಂತ ಆ ಚೀಟಿಯನ್ನು ಕಚ್ಚಿ ಹಿಡಿದಿದೆ.

ನಾನು ತ್ಬಿಲಿಸಿಯ ಮೆಟ್ರೋದಲ್ಲಿ
ಎಸ್ಕಲೇಟರಿನ ಬುಡದ ಗಾಜುಗೂಡಿನಲ್ಲಿ ಕೂರುವವಳು.
ದಿನವಿಡೀ ಮೇಲೇರುವ ಬೂಟು, ಕೆಳಗಿಳಿಯುವ ಬೂಟು.
ಗಾಜಿಗೆ ಅಂಟಿಸಿದ್ದಾರೆ: ಇಲ್ಲಿ ವಿಚಾರಣೆ ಇಲ್ಲ.
ಆದರೂ ಬಗ್ಗಿ ಕೇಳುತ್ತಾರೆ,
ಮಾರುಕಟ್ಟೆಗೆ ಯಾವ ಕಡೆ, ಕೊನೆಯ ರೈಲು ಎಷ್ಟಕ್ಕೆ,
ಒಂದು ಕೆಂಪು ಕೊಡೆ ಯಾರಾದರೂ ತಂದುಕೊಟ್ಟರಾ.

ಮನೆಗೆ ಬಂದು ಊದಿದ ಕಾಲನ್ನು ಕುರ್ಚಿಯ ಮೇಲಿಟ್ಟರೆ
ಅಡುಗೆಮನೆಯಿಂದ ಅವ್ತಾಂದಿಲ್:
ಲಾಮ್ಜಿರಾ, ದೊಡ್ಡ ಪಾತ್ರೆಯಾ ಸಣ್ಣದಾ?
ಲಾಮ್ಜಿರಾ, ಬೀನ್ಸ್ ನೆನೆಹಾಕಿದ ನೀರು ಚೆಲ್ಲಬೇಕಾ?
ಈರುಳ್ಳಿ ಉದ್ದಕ್ಕಾ ಅಡ್ಡಕ್ಕಾ?
ಮೆಂತ್ಯದ ಪುಡಿ ಎಲ್ಲಿ?
ಎರಡನೇ ಹಲಗೆ, ಚಹಾ ಡಬ್ಬಿಯ ಹಿಂದೆ.
ಇಲ್ಲವಲ್ಲ!
ಇದೆ.
ಓ, ಇದೆ.

ಹನ್ನೊಂದು ವರ್ಷದಿಂದ ಚಹಾ ಡಬ್ಬಿಯ ಹಿಂದೆಯೇ ಇದೆ,
ನಮ್ಮ ಮದುವೆಗಿಂತ ಗಟ್ಟಿಯಾಗಿ ಕೂತಿದೆ.

ದಡ್ಡನಲ್ಲ. ಪಿಯಾನೋ ಶ್ರುತಿ ಮಾಡುವವನು.
ಶಾಲೆಯ ಮುದಿ ಪಿಯಾನೋದ ಇನ್ನೂರು ಚಿಲ್ಲರೆ ತಂತಿಗಳಲ್ಲಿ
ಕೂದಲೆಳೆಯಷ್ಟು ಸಡಿಲಾದ ಒಂದನ್ನು
ಬಾಗಿಲಾಚೆಯಿಂದಲೇ ಹಿಡಿಯುತ್ತಾನೆ.
ಅದೇ ಕಿವಿ, ಎದುರಿಗೇ ಉಕ್ಕುವ ಹಾಲಿಗೆ ಕಿವುಡು.
ಉಪ್ಪು ಎಷ್ಟು, ಅಂತಾನೆ.
ಹದಕ್ಕೆ ಹಾಕು, ಅಂತೀನಿ.
ಹದ ಅಂದರೆ ಎಷ್ಟು?

ಬುಧವಾರ ನನ್ನ ಕೈಗೆ ಬಿಡುವು, ಬಾಯಿಗೆ ದುಡಿಮೆ.

ಕಳೆದ ವಾರ ಉತ್ತರ ಕೊಡಲಿಲ್ಲ.
ಚಪ್ಪಲಿ ಮೆಟ್ಟಿ, ಸದ್ದಾಗದಂತೆ ಬಾಗಿಲೆಳೆದು
ಅಂಗಳಕ್ಕಿಳಿಯುವ ಕಬ್ಬಿಣದ ಮೆಟ್ಟಿಲ ಮೇಲೆ ಕೂತೆ.
ಮರದ ಮೊಗಸಾಲೆಗಳು ಸುತ್ತುಗಟ್ಟಿದ ಅಂಗಳ ನಮ್ಮದು,
ಒಬ್ಬರು ಸೀನಿದರೆ ಏಳು ಮನೆ ಹರಸುತ್ತವೆ.
ಯಾರದೋ ಒಗೆದ ಬನಿಯನ್ನು ನನ್ನ ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು.

ಒಳಗಿಂದ: ಲಾಮ್ಜಿರಾ, ಮೆಂತ್ಯದ ಪುಡಿ ಎಲ್ಲಿ?
ತುಟಿ ಕಚ್ಚಿದೆ.
ಲಾಮ್ಜಿರಾ?
ಆಮೇಲೆ ಇನ್ನೊಂದು ದನಿ, ತುಸು ಮೂಗಿನಿಂದ, ತುಸು ದಣಿದು:
ಎರಡನೇ ಹಲಗೆ, ಚಹಾ ಡಬ್ಬಿಯ ಹಿಂದೆ.
ನನ್ನದು. ನನ್ನ ದನಿ, ಅವನ ಬಾಯಲ್ಲಿ,
ಅರ್ಧ ಸ್ವರವೂ ತಪ್ಪದೆ.
ಇಲ್ಲವಲ್ಲ! ಇದೆ. ಓ, ಇದೆ.
ಡಬ್ಬಿಯ ಮುಚ್ಚಳ ಟಪ್ಪೆಂದಿತು.

ಗೊತ್ತಿತ್ತು ಅವನಿಗೆ. ಎಲ್ಲ ಗೊತ್ತಿತ್ತು!
ಹನ್ನೊಂದು ವರ್ಷದ ಬುಧವಾರಗಳನ್ನು ಎಣಿಸಹೋಗಿ
ಬೆರಳು ಸಾಲದೆ ಮೆಟ್ಟಿಲು ಎಣಿಸಿದೆ.
ಎದ್ದು ಹೋಗಿ ಸೌಟು ಕಿತ್ತುಕೊಳ್ಳಲೇ,
ನಗಲೇ,
ನಿಜಕ್ಕೂ ನನ್ನ ದನಿ ಅಷ್ಟು ಮೂಗಿನಿಂದ ಬರುತ್ತದೆಯೇ.

ಒಳಗೆ ಮಾತು ನಡೆದೇ ಇತ್ತು, ನಾನಿಲ್ಲದ ನನ್ನ ಜೊತೆ.
ಈರುಳ್ಳಿ ಉದ್ದಕ್ಕಾ?
ಉದ್ದಕ್ಕೆ. ಮೊದಲು ಚಾಕು ಕೆಳಗಿಡು, ಕಣ್ಣೊರೆಸಿಕೋ.
ಅದನ್ನು ನಾನು ಎಂದೂ ಹೇಳಿದವಳಲ್ಲ.
ಬೆಳ್ಳುಳ್ಳಿ ಜಜ್ಜಲಾ? ಜಜ್ಜು.
ಉಪ್ಪು? ಹದಕ್ಕೆ.
ಹದ ಅಂದರೆ ಎಷ್ಟು?

ಇದಕ್ಕೆ ಮಾತ್ರ ಅವನ ಲಾಮ್ಜಿರಾ ಸುಮ್ಮನಾದಳು.
ಕಾದೆವು, ಒಳಗೆ ಅವನು, ಹೊರಗೆ ನಾನು.
ಮೂರನೇ ಮಹಡಿಯ ಕಂಬಿಯಿಂದ ತ್ಸಿಯಾಲಾ ಅಜ್ಜಿ ಕೂಗಿದಳು:
ತಳ ಹತ್ತುತ್ತಿದೆಯೋ ಅವ್ತಾಂದಿಲ್!
ಉಪ್ಪಿನ ಪಂಚಾಯ್ತಿ ಆಮೇಲೆ!

ನಾನು ಏಳಲಿಲ್ಲ.

ಹತ್ತೂವರೆಗೆ ಉಂಡೆವು. ಲೋಬಿಯೊ ಕರಕಲು, ವಾಲ್‌ನಟ್ ಧಾರಾಳ,
ಮೆಕ್ಕೆಜೋಳದ ರೊಟ್ಟಿ ಅಂಚಲ್ಲಿ ಚಿಪ್ಪು, ನಡುವೆ ಹಸಿ.
ಎಲ್ಲಿದ್ದೆ, ಅಂದ.
ಮೆಟ್ಟಿಲ ಮೇಲೆ, ಅಂದೆ.
ಓ, ಅಂದ. ಕೆಂಪಾದವು ಆ ಘನವಾದ ಕಿವಿಗಳು.

ಬಾಯಿಗಿಟ್ಟರೆ ಉಪ್ಪೇ ಇಲ್ಲ.
ಉಪ್ಪಿನ ಬಟ್ಟಲು ಅಲ್ಲೇ, ಅವನ ಮೊಣಕೈಯ ಪಕ್ಕದಲ್ಲೇ.
ಅವನು ಕೇಳಲಿ ಅಂತ ಕಾಯುತ್ತ
ಎರಡನೇ ತುತ್ತನ್ನೂ ಸಪ್ಪೆಯಾಗಿಯೇ ನುಂಗಿದೆ.